ಮುನಿಯಣ್ಣನ ಅರ್ಧ ತೆಂಗಿನಮರ

ಮೂಡಲಪಾಳ್ಯದ ಮುನಿಯಣ್ಣನವರಿಗೆ ಮೂರಂತಸ್ತಿನ ಒಂದು ಮನೆ, ಎರಡು ಮಂಡಿಯಲ್ಲೂ ನೋವು ಮತ್ತು ಅರ್ಧ ತೆಂಗಿನಮರ ಇದ್ದವು. ಮನೆ ಬಹಳ ಜನಕ್ಕೆ ಇರುತ್ತದೆ. ಮಂಡಿನೋವು ಅರವತ್ತೆಂಟನೇ ವಯಸ್ಸಿಗೆ ಎಲ್ಲರಿಗೂ ಬರುತ್ತದೆ. ಅರ್ಧ ತೆಂಗಿನಮರ ಮಾತ್ರ ಇಡೀ ಬೆಂಗಳೂರಿನಲ್ಲಿ ಇಬ್ಬರಿಗೇ ಇದ್ದಿರಬೇಕು. ಒಬ್ಬರು ಮುನಿಯಣ್ಣ. ಇನ್ನೊಬ್ಬ, ಗೋಡೆಯಾಚೆಯ ಮನೆಯಲ್ಲಿರುವ ಅವರ ಒಡಹುಟ್ಟಿದ ತಮ್ಮ ಲಿಂಗಪ್ಪ. ಅದೇ ಮರದ ಉಳಿದರ್ಧಕ್ಕೆ ಅವನು ಒಡೆಯ.

ಮರವನ್ನು ಪಾಲು ಮಾಡಿದ್ದು ಅಡ್ಡಕ್ಕಲ್ಲ, ಉದ್ದಕ್ಕೆ. ಬುಡದಿಂದ ಸುಳಿಯವರೆಗೆ ಒಂದು ಗೆರೆ ಎಳೆದರೆ ಪೂರ್ವದ ಕಡೆಯದು ಅಣ್ಣನದು, ಪಶ್ಚಿಮದ ಕಡೆಯದು ತಮ್ಮನದು. ತಮಾಷೆಗೆ ಹೇಳುತ್ತಿಲ್ಲ. ಪಾಲುಪಟ್ಟಿಯಲ್ಲಿ ಹಾಗೇ ಬರೆದಿದೆ, ಕೆಳಗೆ ಐದು ಜನ ಹಿರಿಯರು ಒಂದಿಷ್ಟೂ ನಗದೆ ರುಜು ಹಾಕಿದ್ದಾರೆ.

ಇಂಥ ಪಾಲು ಸಾಧ್ಯವಾದದ್ದು ಮುನಿಯಣ್ಣನವರ ಕಸುಬಿನಿಂದ. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು ಅವರು. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕ್ಷಮಿಸಲಿಲ್ಲ. ನಿವೃತ್ತಿಯ ದಿನ ಶಾಲು, ಹಾರ, ಗಡಿಯಾರಗಳ ಜೊತೆಗೆ ಆ ಗುಣವನ್ನೂ ಮನೆಗೆ ತಂದರು. ಷರಟಿನ ಜೇಬಿನಲ್ಲಿ ಸದಾ ಅಳತೆಯ ಟೇಪು. ಬೀಗರ ಮನೆಯ ಮದುವೆಯಲ್ಲಿ, ಇನ್ನೇನು ಮಾಂಗಲ್ಯಧಾರಣೆ ಎನ್ನುವಾಗ, ಮಂಟಪದ ಬಾಳೆಕಂದು ಎರಡು ಇಂಚು ವಾಲಿದೆ ಎಂದು ಎದ್ದು ಹೋಗಿ ನೆಟ್ಟಗೆ ಮಾಡಿ ಬಂದ ಮಹನೀಯರು. ಹೆಂಡತಿ ಇಂದ್ರಮ್ಮ ಹಬ್ಬದ ದಿನ ರಂಗೋಲಿಗೆ ಕೂರುವ ಮೊದಲು ಅವರನ್ನು ಹಾಲು ತರಲು ಕಳುಹಿಸುತ್ತಿದ್ದರು. ಹಾಲು ಮನೆಯಲ್ಲಿರುತ್ತಿತ್ತು.

ಇಷ್ಟೆಲ್ಲ ಇದ್ದರೂ ಆ ಮರದ ಮೇಲೆ ಅವರಿಗೆ ನಿಜವಾಗಿ ಜೀವವಿತ್ತು. ಅವರಪ್ಪನ ಕಾಲಕ್ಕೆ ಅಲ್ಲಿ ಅರವತ್ತು ಮರಗಳ ತೆಂಗಿನ ತೋಟ. ತೋಟ ಸೈಟುಗಳಾಯಿತು, ಸೈಟುಗಳು ಮನೆಗಳಾದವು, ಮನೆಗಳ ಕೆಳಗೆ ಮೊಬೈಲ್ ಅಂಗಡಿ, ದರ್ಶಿನಿ, ಜಿಮ್ಮು ಬಂದವು. ಉಳಿದದ್ದು ಮನೆಯ ಹಿತ್ತಿಲಿನ ಈ ಒಂದೇ ಮರ. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪ ತೋಡಿದ ಗುಂಡಿಗೆ ಸಸಿ ಇಳಿಸಿ ಮಣ್ಣು ತುಳಿದದ್ದು ಮುನಿಯಣ್ಣನೇ. ಐದು ವರ್ಷದ ಲಿಂಗ ತಂಬಿಗೆಯಲ್ಲಿ ನೀರು ತಂದು ಅರ್ಧವನ್ನು ಗಿಡಕ್ಕೂ ಅರ್ಧವನ್ನು ತನ್ನ ಚಡ್ಡಿಗೂ ಸುರಿದಿದ್ದ. ಈಗಿನ ಮೂಡಲಪಾಳ್ಯದಲ್ಲಿ ನಿಂತು ತಾನು ಇಲ್ಲಿಯವನೇ ಎಂದು ಮುನಿಯಣ್ಣ ನಂಬಬೇಕಾದರೆ ತಲೆಯೆತ್ತಿ ಆ ಮರ ನೋಡಬೇಕಿತ್ತು. ಬೇರೆ ಗುರುತು ಉಳಿದಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷದ ಹಿಂದೆ ಪಾಲಾಯಿತು. ಜಾಗವನ್ನು ನಡುವೆ ಸೀಳಿದರೆ ಗೆರೆ ಸರಿಯಾಗಿ ಮರದ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕಡಿದುಬಿಡಿ ಎಂದರು ಹಿರಿಯರು. ಅಣ್ಣತಮ್ಮಂದಿರಿಬ್ಬರೂ ಒಪ್ಪಲಿಲ್ಲ. ಹಾಗಾದರೆ ಒಬ್ಬರು ಬಿಟ್ಟುಕೊಡಿ ಎಂದರು. ಅದನ್ನಂತೂ ಒಪ್ಪುವ ಪ್ರಶ್ನೆಯೇ ಇರಲಿಲ್ಲ. ಆಗ ಮುನಿಯಣ್ಣ ತೂಕದ ಗುಂಡು ಇಳಿಬಿಟ್ಟು, ದಾರ ಎಳೆದು, ಮರದ ನಡುಮಧ್ಯವನ್ನು ಕಂಡುಹಿಡಿದರು. ಕಾಂಪೌಂಡು ಗೋಡೆಯನ್ನು ಮರದ ಎರಡೂ ಬದಿಗೆ ತಂದು ನಿಲ್ಲಿಸಲಾಯಿತು. ಗೋಡೆಗಿಂತ ಮೇಲಕ್ಕೂ ಯಾರಿಗೂ ಅನುಮಾನ ಬರಬಾರದೆಂದು ಕಾಂಡದ ಮೇಲೆ ಹನ್ನೆರಡು ಅಡಿ ಎತ್ತರದವರೆಗೆ ತಗಡಿನ ಪಟ್ಟಿ ಹೊಡೆದರು. ಗೇಣಿಗೊಂದು ಮೊಳೆ. ಒಬ್ಬನೇ ಅರ್ಧ ದಿನದಲ್ಲಿ ಮುಗಿಸಿದೆ ಎಂದು ನೆಂಟರಿಗೆಲ್ಲ ಹೇಳಿಕೊಂಡರು. ಪಟ್ಟಿ ಮೇಲಿಂದ ಕೆಳಗೆ ಒಂದು ನೂಲೂ ವಾಲಿರಲಿಲ್ಲ, ಮರವೇ ಸ್ವಲ್ಪ ವಾಲಿತ್ತು.

ಕಾಯಿಗಳನ್ನು ಮಾತ್ರ ಉದ್ದಕ್ಕೆ ಸೀಳಲು ಬರುವುದಿಲ್ಲವಲ್ಲ. ಅದಕ್ಕೆ ತಿಂಗಳ ಸರದಿ ಮಾಡಿದರು. ಚೈತ್ರ ಅಣ್ಣನಿಗೆ, ವೈಶಾಖ ತಮ್ಮನಿಗೆ, ಹೀಗೇ ಮುಂದಕ್ಕೆ. ಶ್ರಾವಣ ಅಣ್ಣನ ಪಾಲಿಗೆ ಬಂದದ್ದರಿಂದ ಇಂದ್ರಮ್ಮನ ವರಮಹಾಲಕ್ಷ್ಮಿಯ ಕಳಶಕ್ಕೆ ಮನೆಯದೇ ಕಾಯಿ. ಭಾದ್ರಪದ ತಮ್ಮನದಾದ್ದರಿಂದ ಅವನ ಹೆಂಡತಿ ವತ್ಸಲಾಳ ಗೌರಿಗೂ ಮನೆಯದೇ ಕಾಯಿ. ಇಷ್ಟು ಬುದ್ಧಿವಂತಿಕೆಯ ಪಾಲು ಊರಲ್ಲೇ ಆಗಿಲ್ಲ ಎಂದು ಎಲ್ಲರೂ ಹೊಗಳಿದರು. ಆದರೆ ಅದೇ ವರ್ಷ ಅಧಿಕಮಾಸ ಬಂತು. ಆಷಾಢ ಎರಡು!

ಅಧಿಕವಾದರೇನು, ಅದರ ಹೆಸರೂ ಆಷಾಢವೇ, ಆದ್ದರಿಂದ ಎರಡೂ ನನ್ನವು ಎಂದ ಲಿಂಗಪ್ಪ. ಪಾಲುಪಟ್ಟಿಯಲ್ಲಿ ಇಲ್ಲದ ತಿಂಗಳು ಹಿರಿಯ ಮಗನಿಗೆ ಸೇರಬೇಕು ಎಂದರು ಮುನಿಯಣ್ಣ. ಮಾತು ಕಾಯಿಯಿಂದ ಅಪ್ಪನಿಗೆ ಹೋಯಿತು, ಅಪ್ಪನಿಂದ ಅವರವರ ಹೆಂಡಿರ ತವರಿಗೆ ಹೋಯಿತು, ಅಲ್ಲಿಂದ ವಾಪಸು ಬರಲಿಲ್ಲ. ಆವತ್ತು ಮರದಲ್ಲಿದ್ದದ್ದು ಹದಿನೇಳು ಕಾಯಿ. ಆ ಹದಿನೇಳು ಕಾಯಿಗಾಗಿ ಅಣ್ಣತಮ್ಮಂದಿರು ಹನ್ನೊಂದು ವರ್ಷ ಮಾತು ಬಿಟ್ಟರು. ಆಮೇಲೆ ಬಂದ ಅಧಿಕಮಾಸಗಳಲ್ಲೆಲ್ಲ ಕಾಯಿಗಳು ಯಾರ ಪಾಲಿಗೂ ಸೇರದೆ, ಮರ ಹತ್ತುವ ಸಿದ್ದೇಶನ ಮನೆಗೆ ಹೋದವು. ಪಂಚಾಂಗವನ್ನು ಅಷ್ಟು ಭಕ್ತಿಯಿಂದ ನೋಡುವ ಮರ ಹತ್ತುವವನು ಬೇರೊಬ್ಬನಿರಲಿಲ್ಲ.

ಯುಗಾದಿ ಬಂದರೆ ಮರಕ್ಕೆ ಬಣ್ಣ. ಮುನಿಯಣ್ಣ ತಮ್ಮ ಅರ್ಧಕ್ಕೆ ಸುಣ್ಣ ಬಳಿಯುತ್ತಿದ್ದರು. ಅಣ್ಣ ಸುಣ್ಣ ಬಳಿದನೆಂಬ ಒಂದೇ ಕಾರಣಕ್ಕೆ ಲಿಂಗಪ್ಪ ತನ್ನ ಅರ್ಧಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದ. ಅರ್ಧ ಬಿಳಿ, ಅರ್ಧ ಕೆಂಪು, ನಡುವೆ ತುಕ್ಕು ಹಿಡಿದ ತಗಡಿನ ಪಟ್ಟಿ. ಬೀದಿಯವರು ಹೊಸಬರಿಗೆ ವಿಳಾಸ ಹೇಳಲು ಆ ಮರವನ್ನೇ ತೋರಿಸುತ್ತಿದ್ದರು.

ಹೋದ ಶ್ರಾವಣದಲ್ಲಿ ಒಂದು ವಾರ ಬಿಡದೆ ಸುರಿದ ಮಳೆಗೆ ಕೆಮ್ಮಣ್ಣು ತೊಳೆದುಹೋಯಿತು. ಬಟ್ಟೆ ಒಣಹಾಕಲು ತಾರಸಿಗೆ ಹೋದ ಮುನಿಯಣ್ಣ ಬಗ್ಗಿ ನೋಡಿದರೆ ತಮ್ಮನ ಅರ್ಧದಲ್ಲಿ, ಆಳೆತ್ತರದಲ್ಲಿ, ಕಾಂಡ ಸೀಳಿದಂತಾಗಿ ಕಂದುಗೆಂಪು ರಸ ಒಸರುತ್ತಿತ್ತು. ಕೆಳಗೆ ಎರಡು ಅಡಿ ಇಳಿದು ಒಣಗಿ ಟಾರಿನಂತೆ ಕಪ್ಪಾಗಿತ್ತು. ಮೇಲಿನ ಮನೆಯ ಬಾಡಿಗೆಯ ಹುಡುಗಿ ಅನು ತೋಟಗಾರಿಕೆ ಓದುತ್ತಿದ್ದವಳು. ಅವಳನ್ನು ಕರೆದು ತೋರಿಸಿದರು.

ಅವಳು ನೋಡಿದ ಕೂಡಲೇ, "ಅಂಕಲ್, ಇದು ಕಾಂಡ ಸೋರೋ ರೋಗ. ಫಂಗಸ್ ಇದು. ಮರಕ್ಕೆ ಎಲ್ಲಾದ್ರೂ ಗಾಯ ಆಗಿದ್ರೆ ಅಲ್ಲಿಂದ ಒಳಗೆ ಹೋಗುತ್ತೆ. ಸಾಸಿವೆ ಕಾಳಿನಷ್ಟು ದುಂಬಿ ಬರುತ್ತೆ, ಅದು ಮೈಗಂಟಿಸ್ಕೊಂಡು ಒಂದ್ಕಡೆಯಿಂದ ಇನ್ನೊಂದ್ಕಡೆಗೆ ದಾಟಿಸುತ್ತೆ" ಎಂದಳು. "ಈಗಿನ್ನೂ ಶುರು. ಕೊಳೆತಿರೋದನ್ನ ಉಳೀಲಿ ಕೆತ್ತಿ ತೆಗೆದು, ಮೈಲುತುತ್ತ, ಸುಣ್ಣದ ಬೋರ್ಡೋ ಮುಲಾಮು ಹಚ್ಚಿ, ಬುಡಕ್ಕೆ ಬೇವಿನ ಹಿಂಡಿ ಹಾಕಿದ್ರೆ ಉಳ್ಕೊಳುತ್ತೆ. ಇವತ್ತೇ ಅವ್ರಿಗೆ ಹೇಳಿ."

"ಅದು ನಮ್ಮ ಭಾಗ ಅಲ್ಲಮ್ಮ," ಎಂದರು ಮುನಿಯಣ್ಣ.

ಅನು ಅವರ ಮುಖವನ್ನೇ ನೋಡಿದಳು. "ಅಂಕಲ್, ಫಂಗಸ್ಸು ಪಾಲುಪಟ್ಟಿ ಓದಲ್ಲ."

ಓದದಿದ್ದರೆ ಅದರ ಕರ್ಮ, ತಾವು ಓದಿದ್ದೇವಲ್ಲ ಎನ್ನುವ ಗತ್ತಿನಲ್ಲಿ ಮುನಿಯಣ್ಣ ಕೆಳಗಿಳಿದು ಬಂದರು. ನಿಜ ಹೇಳಬೇಕೆಂದರೆ ಆವತ್ತು ಅವರಿಗೆ ಸಂತೋಷವಾಗಿತ್ತು. ಹನ್ನೊಂದು ವರ್ಷದಿಂದ ದೇವರು ತೀರ್ಪು ಬರೆಯುತ್ತಾ ಕೂತಿದ್ದ, ಇವತ್ತು ಓದಿದ್ದಾನೆ, ರೋಗ ಸರಿಯಾಗಿ ತಮ್ಮನ ಅರ್ಧಕ್ಕೇ ಬಂದಿದೆ ಎಂದು ಅನಿಸಿತು. ಊಟಕ್ಕೆ ಎರಡು ಮುದ್ದೆ ಹಾಕಿಸಿಕೊಂಡು ಇಂದ್ರಮ್ಮನಿಗೆ ಸುದ್ದಿ ಹೇಳಿದರು.

"ಅವನ ಕಡೆಗೆ ರೋಗ ಬಂದ್ರೆ ನಿಮ್ಮ ಕಡೆಯದು ಏನ್ರೀ, ಬೇರೆ ಮನೇಲಿ ಮಲಗುತ್ತಾ?" ಎಂದರು ಇಂದ್ರಮ್ಮ. "ಹೋಗಿ ಒಂದು ಮಾತು ಹೇಳಿ ಬನ್ನಿ."

"ಮೊದಲು ಅವನು ಬಂದು ಮಾತಾಡಿಸ್ಲಿ."

ಹೀಗೆ ಮರದ ಚಿಕಿತ್ಸೆ ಶುರುವಾಯಿತು. ಅಂದರೆ ಮುನಿಯಣ್ಣ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಗೋಡೆಯಾಚೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಕಲೆಗೂ ಪಟ್ಟಿಗೂ ಎಷ್ಟು ಅಂತರ ಉಳಿದಿದೆ ಎಂದು ಅಂದಾಜು ಮಾಡುತ್ತಿದ್ದರು. ಟೇಪು ಹಿಡಿಯಬಹುದಿತ್ತು. ಆದರೆ ಟೇಪಿನ ತುದಿ ತಮ್ಮನ ಅರ್ಧವನ್ನು ಮುಟ್ಟಿದರೆ ಅತಿಕ್ರಮಣವಾಗುತ್ತದೆಂದು ಕಣ್ಣಿನಲ್ಲೇ ಅಳೆದರು. ಎಂಟು ಅಂಗುಲ, ಪರವಾಗಿಲ್ಲ. ಏಳು, ಪರವಾಗಿಲ್ಲ. ಗೌರಿಹಬ್ಬಕ್ಕೆ ಲಿಂಗಪ್ಪ ಹೊಸದಾಗಿ ಕೆಮ್ಮಣ್ಣು ಬಳಿದ. ದೀಪಾವಳಿಗೆ ಮತ್ತೆ ಬಳಿದ. ವರ್ಷಕ್ಕೊಮ್ಮೆ ಬಳಿಯುತ್ತಿದ್ದವನು ಮೂರು ತಿಂಗಳಲ್ಲಿ ಎರಡು ಸಲ ಬಳಿದದ್ದನ್ನು ನೋಡಿ, ಇವನಿಗೆ ಎಷ್ಟು ಕೊಬ್ಬು ಎಂದುಕೊಂಡರು ಮುನಿಯಣ್ಣ. ಕೆಮ್ಮಣ್ಣಿನ ಮೇಲೂ ಒದ್ದೆ ಕಾಣುತ್ತಿತ್ತು. ಆರು ಅಂಗುಲ. ಅನು ಮೆಟ್ಟಿಲಿಳಿಯುವಾಗೆಲ್ಲ "ಹೇಳಿದ್ರಾ ಅಂಕಲ್?" ಎಂದು ಕೇಳುತ್ತಿದ್ದಳು. ನಾಳೆ ಎನ್ನುತ್ತಿದ್ದರು. ಕೊನೆಕೊನೆಗೆ ಅವಳು ಕೇಳುವುದನ್ನೂ ಬಿಟ್ಟಳು.

ಮಾಘದಲ್ಲಿ ಮುನಿಯಣ್ಣನವರ ಸರದಿ. ಸಿದ್ದೇಶ ಹಗ್ಗ, ಮಚ್ಚು ಹೆಗಲಿಗೆ ಹಾಕಿಕೊಂಡು ಬಂದವನು ಮರದ ಬುಡದಲ್ಲೇ ನಿಂತ. ಮಚ್ಚಿನ ಹಿಂಬದಿಯಿಂದ ಕಾಂಡಕ್ಕೆ ಬಡಿದ. ಇನ್ನೊಂದು ಕಡೆ ಬಡಿದ. ಕಿವಿಗೊಟ್ಟು ಮತ್ತೆ ಬಡಿದ.

"ನಾನು ಹತ್ತಲ್ಲ ಯಜಮಾನ್ರೇ. ಡಬ್ ಡಬ್ ಅಂತದೆ. ಒಳಗೆ ಏನೂ ಇಲ್ಲ. ಮೇಲೆ ನೋಡಿ, ಗರಿ ಎಷ್ಟು ಚಿಕ್ಕದಾಗವೆ. ನಂಗೂ ಹೆಂಡ್ತಿ ಮಕ್ಕಳವ್ರೆ."

"ಅದು ಆ ಕಡೇದು ಕಣಯ್ಯ. ನೀನು ಈ ಕಡೆಯಿಂದ ಹತ್ತು."

ಸಿದ್ದೇಶ ಹನ್ನೊಂದು ವರ್ಷದಲ್ಲಿ ಎರಡೂ ಮನೆಯ ಬಹಳ ಮಾತು ಕೇಳಿಸಿಕೊಂಡಿದ್ದವನು. ಮಚ್ಚಿನ ತುದಿಯಿಂದ ಬಿಳಿಯ ಅರ್ಧವನ್ನು ತೋರಿಸಿದ. ಸುಣ್ಣದ ಮೇಲೆ, ಪಟ್ಟಿಯ ಈಚೆಗೆ, ಎರಡು ಕಡೆ ಕಂದುಗೆಂಪು ರಸ ಇಳಿದಿತ್ತು. ನಿನ್ನೆ ಬೆಳಗ್ಗೆ ಅಳೆಯುವಾಗ ಮುನಿಯಣ್ಣ ನೋಡಿದ್ದು ಆಚೆಯ ಕಲೆಯನ್ನು ಮಾತ್ರ. ತಮ್ಮದೇ ಅರ್ಧದ ಕಡೆ ಎಷ್ಟು ದಿನದಿಂದ ಕಣ್ಣು ಹಾಯಿಸಿರಲಿಲ್ಲವೋ ಅವರಿಗೇ ನೆನಪಿಲ್ಲ.

ಅಂದು ಅವರು ಮಂಡಿನೋವು ಮರೆತು ಮೂರಂತಸ್ತು ಹತ್ತಿ ಅನುವಿನ ಬಾಗಿಲು ತಟ್ಟಿದರು. ಅವಳು ಬಂದು ಪಟ್ಟಿಯ ಪಕ್ಕಕ್ಕೆ ಮುಖವಿಟ್ಟು ನೋಡಿದಳು. ಪ್ರತಿ ಮೊಳೆಯ ಸುತ್ತ ಕಾಂಡ ಕಪ್ಪಾಗಿ ಮೆತ್ತಗಾಗಿತ್ತು. ಸೂಜಿ ಚುಚ್ಚಿದಂಥ ತೂತುಗಳು. ತೂತುಗಳ ಕೆಳಗೆ ಹುರಿಹಿಟ್ಟಿನಂಥ ಪುಡಿ.

"ಇಲ್ಲಿಂದಾನೇ ಶುರುವಾಗಿರೋದು ಅಂಕಲ್. ಮೊಳೆಯಿಂದ. ಗಾಯ ಆದ ಕಡೆ ಹುಳಿ ವಾಸನೆ ಬರುತ್ತೆ, ದುಂಬಿ ಹುಡುಕ್ಕೊಂಡು ಬರುತ್ತೆ. ಆಮೇಲೆ ಯಾವ ಕಡೆ ಸೀಳು ಸಿಗುತ್ತೋ ಆ ಕಡೆಗೆ ಸೋರುತ್ತೆ. ಅವ್ರ ಕಡೆ ಮೊದ್ಲು ಕಾಣಿಸ್ತು, ಅಷ್ಟೆ. ಯಾರು ಹೊಡೆದಿದ್ದು ಇಷ್ಟೊಂದು ಮೊಳೇನ?"

ಮುನಿಯಣ್ಣ ಜೇಬಿನ ಟೇಪನ್ನು ಮುಟ್ಟಿಕೊಂಡರು.

"ಇನ್ನೂ ಉಳಿಯುತ್ತಾ?" ಎಂದು ಕೇಳಿದರು.

"ಆ ಪಟ್ಟಿ ಕಿತ್ತು ಒಳಗೆ ನೋಡ್ಬೇಕು. ಮೊಳೆ ಕೂತಿರೋ ಕಡೆ ಗಟ್ಟಿ ಇದ್ರೆ ಉಳೀಬಹುದು. ಎರಡೂ ಕಡೆಯಿಂದ ಕೆತ್ತಬೇಕು ಅಂಕಲ್. ಒಬ್ರಿಂದ ಆಗಲ್ಲ."

ಅಣ್ಣನ ಗೇಟಿನಿಂದ ತಮ್ಮನ ಗೇಟಿಗೆ ಹದಿನಾಲ್ಕು ಹೆಜ್ಜೆ. ಅಷ್ಟು ದೂರ ನಡೆಯಲು ಮುನಿಯಣ್ಣನಿಗೆ ಎರಡು ದಿನ ಹಿಡಿಯಿತು. ಮೊದಲ ದಿನ ಅರ್ಧ ದಾರಿಗೆ ಹೋಗಿ, ಅಲ್ಲಿ ನಿಂತಿದ್ದ ಸೊಪ್ಪಿನವಳ ಹತ್ತಿರ ಬೇಡದ ಎರಡು ಕಟ್ಟು ದಂಟು ಕೊಂಡು ವಾಪಸು ಬಂದರು. ಎರಡನೆಯ ದಿನ ಭಾನುವಾರ. ದಂಟಿನ ಹುಳಿ ಉಂಡು ಹೊರಟರು. ಲಿಂಗಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ. ಅಣ್ಣನನ್ನು ಕಂಡು ಏಳಲೋ ಬೇಡವೋ ಎಂದು ಅರ್ಧ ಎದ್ದು, ಹಾಗೇ ನಿಂತ.

"ಮರಕ್ಕೆ ರೋಗ ಬಂದಿದೆ ಕಣೋ ಲಿಂಗ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡು ಯುಗಾದಿ ಆಯ್ತು." ಲಿಂಗಪ್ಪ ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ಅಂಗೈಯಗಲ ಮಾಡಿದ. "ನೀನು ನೋಡಿದ್ರೆ, ಮರ ನೋಡ್ಕೊಳೋಕೆ ಬರದೋನಿಗೆ ಪಾಲು ಬೇರೆ ಕೇಡು ಅಂತೀಯ ಅಂತ, ಕೆಮ್ಮಣ್ಣು ಬಳಿದು ಮುಚ್ಚಿದ್ದೆ. ನಿಂಗ್ಯಾವಾಗ ಗೊತ್ತಾಯ್ತು?"

"ಶ್ರಾವಣದಲ್ಲಿ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಮುನಿಯಣ್ಣನಿಗೆ ನಾಚಿಕೆಯಾಯಿತು. ಜನ್ಮದಲ್ಲಿ ಅಷ್ಟು ನಾಚಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ. "ನಿನ್ ಭಾಗ ಅಲ್ವಾ ಅಂತ ಸುಮ್ನಿದ್ದೆ," ಎಂದರು. ಆಮೇಲೆ, "ಮೊಳೆಯಿಂದ ಬಂದಿದ್ದಂತೆ ಕಣೋ. ಆ ಹುಡುಗಿ ಹೇಳಿದ್ಲು. ನಾನು ಹೊಡೆದ ಮೊಳೆಯಿಂದ."

ಲಿಂಗಪ್ಪ ಬೈಯಬಹುದು ಎಂದುಕೊಂಡಿದ್ದರು. ಬೈದರೆ ತಿರುಗಿ ಬೈಯಲು ಹನ್ನೊಂದು ವರ್ಷದ ಸಾಮಾನು ಸಿದ್ಧವಿತ್ತು. ಅವನು ಬೈಯಲಿಲ್ಲ. ಒಳಗೆ ನೋಡಿ, "ವತ್ಸಲಾ, ಅಣ್ಣನಿಗೆ ಕಾಫಿ ಕೊಡು," ಎಂದು ಹೇಳಿ, ಹಿತ್ತಿಲಿಗೆ ಹೋಗಿ ಏಣಿ ತಂದ. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು. ಮುನಿಯಣ್ಣ ಏನೂ ಹೇಳದೆ ಕುಡಿದರು. ಇಂಥ ಸಹನೆಯನ್ನು ಇಂದ್ರಮ್ಮ ನೋಡಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು.

ಮರದ ಬುಡಕ್ಕೆ ಏಣಿ ತಂದದ್ದಾಯಿತು. ಅದನ್ನು ಯಾರ ಕಡೆಗೆ ಇಡುವುದು ಎಂದು ಇಬ್ಬರೂ ಒಂದು ಗಳಿಗೆ ತಡವರಿಸಿ, ಕೊನೆಗೆ ಗೋಡೆ ಅಡ್ಡ ಬರದ ಹಾಗೆ ಲಿಂಗಪ್ಪನ ಕಡೆಗೇ ಇಟ್ಟರು. ಯಾರು ಹತ್ತಬೇಕು ಎನ್ನುವುದಕ್ಕೂ ಸ್ವಲ್ಪ ಚರ್ಚೆಯಾಯಿತು. ಮಂಡಿನೋವಿನವನು ನಾನು, ಆದರೆ ಮೊಳೆ ನನ್ನದು ಎಂದು ಮುನಿಯಣ್ಣನೇ ಹತ್ತಿದರು. ಕೈಯಲ್ಲಿ ಮೊಳೆ ಕೀಳುವ ಸುತ್ತಿಗೆ, ಸೊಂಟದಲ್ಲಿ ಉಳಿ. ಹನ್ನೊಂದು ವರ್ಷ ತುಕ್ಕು ಹಿಡಿದ ಮೊಳೆಗಳು ಸುಲಭಕ್ಕೆ ಬಗ್ಗುವುದಿಲ್ಲ ಎನ್ನುವುದು ಫಿಟ್ಟರಿಗೆ ಹೇಳಿಕೊಡಬೇಕಾದ ಮಾತಲ್ಲ. ಎಂಟನೆಯ ಮೆಟ್ಟಿಲಿನ ಮೇಲೆ ಕಾಲು ಗಟ್ಟಿಯಾಗಿ ಊರಿಕೊಂಡರು.

"ಏಣಿ ಬಿಗಿಯಾಗಿ ಹಿಡ್ಕೊಳೋ."

"ಹಿಡ್ಕೊಂಡಿದೀನಿ," ಎಂದ ಲಿಂಗಪ್ಪ ಕೆಳಗಿನಿಂದ. "ಅವತ್ತೂ ನಾನೇ ಅಲ್ವಾ ಹಿಡ್ಕೊಂಡಿದ್ದು."

ಮುನಿಯಣ್ಣ ಬಗ್ಗಿ ನೋಡಿದರು. ತಮ್ಮನ ನೆತ್ತಿ ಪೂರ್ತಿ ಬೋಳಾಗಿತ್ತು. ಅದು ಯಾವಾಗ ಆಯಿತೋ ಅವರಿಗೆ ತಿಳಿಯದು. ಏಣಿಯನ್ನು ತಬ್ಬಿದ್ದ ಎರಡು ಕೈಗಳನ್ನು ನೋಡಿದಾಗ ಒಬ್ಬನೇ ಹೊಡೆದೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದ ಆ ಅರ್ಧ ದಿನ ಪೂರ್ತಿಯಾಗಿ ನೆನಪಿಗೆ ಬಂತು. ಲಿಂಗ ತುಟಿಯಲ್ಲಿ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದಾಗಿ ಮೇಲಕ್ಕೆ ಕೊಡುತ್ತಿದ್ದ. ಇಬ್ಬರೂ ಯಾವುದೋ ಹಳೆಯ ವಿಷಯಕ್ಕೆ ನಗುತ್ತಿದ್ದರು. ಮುನಿಯಣ್ಣ ಸಾಕು ಎಂದು ಇಳಿಯಹೋದಾಗ ಕೆಳಗಿನಿಂದ ಅವನೇ ಹೇಳಿದ್ದ: "ಮೇಲೂ ಇನ್ನೊಂದಷ್ಟು ಹೊಡಿ ಅಣ್ಣ, ಗಟ್ಟಿಯಾಗಿರ್ಲಿ. ನಾಳೆ ನಮ್ಮಿಬ್ಬರಿಗೂ ಜಗಳ ಬರಬಾರದು ನೋಡು."

ಮುನಿಯಣ್ಣ ಮೊದಲ ಮೊಳೆಗೆ ಸುತ್ತಿಗೆಯ ಬಾಯಿ ಕೊಡಲು ಹೋದರು. ಸುತ್ತಿಗೆ ಬೇಕಾಗಲಿಲ್ಲ. ಮೊಳೆ ಎರಡು ಬೆರಳಿಗೇ ಬಂತು, ಹಿಂದೆಯೇ ಕಪ್ಪು ನೀರು ಸೋರಿತು. ಎರಡನೆಯದೂ ಬೆರಳಿಗೇ ಬಂತು.

"ಹೇಗಿದೆ ಅಣ್ಣ, ಗಟ್ಟಿ ಇದೆಯಾ?" ಎಂದು ಲಿಂಗಪ್ಪ ಕೆಳಗಿನಿಂದ ಕೇಳಿದ.

ಮುನಿಯಣ್ಣ ಮೂರನೆಯ ಮೊಳೆಯನ್ನು ಹಿಡಿದುಕೊಂಡೇ ನಿಂತರು. ಅದನ್ನು ಕೀಳುವ ಧೈರ್ಯ ಅವರಿಗೆ ಬರಲಿಲ್ಲ.